ನನ್ನ ಗುರುವಾರದ ಆಫೀಸು



ಕನ್ನಡ ತರಗತಿ ಮುಗಿದ ಮೇಲೆ ಚಿಕ್ಕ ಮಕ್ಕಳು ನನ್ನನ್ನು ಕೇಳುತ್ತಾರೆ, "ಅಕ್ಕಾ, ನೀನು ಗುರುವಾರ ಸ್ಕೂಲಿಗೆ ಹೋಗಲ್ವಂತೆ, ನಿಜಾನಾ?" ಅವರ ಅಪ್ಪ ಅಮ್ಮಂದಿರು ಅದನ್ನೇ ಸ್ವಲ್ಪ ತಗ್ಗಿದ ದನಿಯಲ್ಲಿ ಕೇಳುತ್ತಾರೆ, "ಓದು ಬಿಟ್ಟುಬಿಟ್ಯೇನಮ್ಮಾ?" ಎಲ್ಲರಿಗೂ ಒಟ್ಟಿಗೆ ಉತ್ತರ ಕೊಡೋಣ ಎಂದು ಇದನ್ನು ಬರೆಯುತ್ತಿದ್ದೇನೆ. ಓದು ಬಿಟ್ಟಿಲ್ಲ. ಈ ವರ್ಷ ಫೆಬ್ರವರಿಯಿಂದ ಗುರುವಾರ ಮಾತ್ರ ಆಫೀಸಿಗೆ ಹೋಗುತ್ತಿದ್ದೇನೆ.

ಇದಕ್ಕೆ ಸ್ಕೂಲ್ ಬೇಸ್ಡ್ ಟ್ರೇನಿಶಿಪ್ ಎನ್ನುತ್ತಾರೆ. ಹತ್ತನೇ ತರಗತಿಯಲ್ಲಿ ಮಾಡುವ ವರ್ಕ್ ಎಕ್ಸ್‌ಪೀರಿಯನ್ಸ್ ಬೇರೆ. ಅದು ಒಂದೆರಡು ವಾರದ್ದು, ದಿನಕ್ಕೆ ಕನಿಷ್ಠ 5 ಡಾಲರ್ ಕೊಟ್ಟರೆ ಆಯಿತು. ಇದು ಹಾಗಲ್ಲ, ನಿಜವಾದ ಕೆಲಸ. ಪೇಸ್ಲಿಪ್ ಬರುತ್ತದೆ. ವಿಕ್ಟೋರಿಯಾದಲ್ಲಿ ವಾರಕ್ಕೆ ಸರಾಸರಿ 13 ಗಂಟೆಯಾದರೂ ಇರಬೇಕು: 7 ಗಂಟೆ ಕೆಲಸ, 6 ಗಂಟೆ ತರಬೇತಿ. ಕೊನೆಗೆ ಬಿಸಿನೆಸ್‌ನಲ್ಲಿ ಸರ್ಟಿಫಿಕೇಟ್ ತ್ರೀ ಸಿಗುತ್ತದೆ, ಅದು ವಿಸಿಇ ಲೆಕ್ಕಕ್ಕೂ ಸೇರುತ್ತದೆ. ಸರ್ಕಾರಿ ಶಾಲೆಗಳಲ್ಲಿ 'ಹೆಡ್ ಸ್ಟಾರ್ಟ್' ಎಂಬ ಯೋಜನೆಯವರು ಕೆಲಸ ಹುಡುಕಲು ಸಹಾಯ ಮಾಡುತ್ತಾರೆ. ಸಿಡ್ನಿಯಲ್ಲಿರುವವರಿಗೂ ಎಚ್‌ಎಸ್‌ಸಿ ಜೊತೆಗೆ ಇಂಥದ್ದೇ ವ್ಯವಸ್ಥೆ ಇದೆ. ಬೇಕಾದವರು ನಿಮ್ಮ ಶಾಲೆಯ ಕರಿಯರ್ಸ್ ಟೀಚರನ್ನು ಕೇಳಿ.

ನಮ್ಮ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಎಟಾರ್ ಕಥೆ ಏನು?" 2023ರಲ್ಲಿ ಬಂದ ವಿಸಿಇ ವೊಕೇಶನಲ್ ಮೇಜರ್ ತೆಗೆದುಕೊಂಡರೆ ಸಾಮಾನ್ಯವಾಗಿ ಎಟಾರ್ ಬರುವುದಿಲ್ಲ. ನಾನು ತೆಗೆದುಕೊಂಡಿರುವುದು ಮಾಮೂಲಿ ವಿಸಿಇ, ಜೊತೆಗೆ ಟ್ರೇನಿಶಿಪ್. ಇದನ್ನು ಅಪ್ಪನಿಗೆ ಅರ್ಥ ಮಾಡಿಸಲು ಮೂರು ರಾತ್ರಿ ಹಿಡಿಯಿತು. ಗುರುವಾರ ತಪ್ಪಿಹೋದ ಮ್ಯಾತ್ಸ್ ಪಾಠವನ್ನು ಶನಿವಾರ ಕೂತು ಓದಬೇಕು, ಅದು ಸುಳ್ಳಲ್ಲ. ಎರಡನೇ ಟರ್ಮಿನಲ್ಲಿ ನನ್ನ ಮಾರ್ಕ್ಸ್ ಇಳಿಯಿತು ಕೂಡ.

ಆಫೀಸು ಡ್ಯಾಂಡಿನಾಂಗ್‌ನಲ್ಲಿದೆ. ಕ್ರಾನ್‌ಬರ್ನ್‌ನಲ್ಲಿ ರೈಲು ಹತ್ತಿದರೆ ಮೆರಿಂಡಾ ಪಾರ್ಕ್, ಲಿನ್‌ಬ್ರೂಕ್, ಆಮೇಲೆ ಅದೇ. ದೊಡ್ಡ ಕಂಪನಿ, ಹೆಸರು ಬೇಡ. ನನ್ನನ್ನು ಹಾಕಿದ್ದು ಅಕೌಂಟ್ಸ್ ವಿಭಾಗಕ್ಕೆ. ಬೇರೆ ಕಂಪನಿಗಳು ನಮಗೆ ಕಳಿಸುವ ಬಿಲ್ಲುಗಳನ್ನು, ಅಂದರೆ ಇನ್‌ವಾಯ್ಸ್‌ಗಳನ್ನು, ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. 11 ಅಂಕಿಯ ಎಬಿಎನ್ ಇದೆಯೇ, ಶೇಕಡಾ 10ರ ಜಿಎಸ್‌ಟಿ ಸರಿಯಾಗಿ ಹಾಕಿದ್ದಾರೆಯೇ ಎಂದು ನೋಡಿ, ಮೊತ್ತವನ್ನು ಟೈಪ್ ಮಾಡಬೇಕು. ಕೇಳಲು ಬೋರು ಅನ್ನಿಸುತ್ತದೆ. ಮಾಡಲೂ ಸ್ವಲ್ಪ ಬೋರೇ.

ಮೊದಲ ದಿನ ನನ್ನ ಸೂಪರ್‌ವೈಸರ್ ಕಾಫಿ ಮಾಡಿಕೊಳ್ಳುತ್ತಾ, ಮನೆಯಲ್ಲಿ ಯಾರು ಯಾರು ಏನು ಮಾಡುತ್ತಾರೆ ಎಂದು ಕೇಳಿದರು. ನಾನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆದರೆ ಹೀಗಿರುತ್ತದೆ: "ಅಪ್ಪ ಐಟಿಯಲ್ಲಿದ್ದಾರೆ. ಅಮ್ಮ ಸುಮ್ಮನೆ ಪ್ಯಾಕಿಂಗ್ ಮಾಡ್ತಾರೆ." ಆ 'ಸುಮ್ಮನೆ' ಎಂಬ ಮಾತನ್ನು ನೆನಪಿಟ್ಟುಕೊಳ್ಳಿ.

ನಮ್ಮ ಅಮ್ಮ ಬಿಕಾಂ ಓದಿದವರು. ಮೈಸೂರಿನಲ್ಲಿ ಒಬ್ಬ ಆಡಿಟರ ಆಫೀಸಿನಲ್ಲಿ 8 ವರ್ಷ ಕೆಲಸ ಮಾಡಿದ್ದಾರೆ. ಮಾರ್ಚ್ 31 ಹತ್ತಿರ ಬಂದರೆ ರಾತ್ರಿ ಒಂಬತ್ತಕ್ಕೆ ಮನೆಗೆ ಬರುತ್ತಿದ್ದರಂತೆ. ನನಗೆ ಆರು ವರ್ಷವಾಗಿದ್ದಾಗ ನಾವು ಇಲ್ಲಿಗೆ ಬಂದೆವು. ಅಮ್ಮ ಅರ್ಜಿ ಹಾಕಿದ ಕಡೆಯೆಲ್ಲ ಒಂದೇ ಮಾತು: "ಲೋಕಲ್ ಎಕ್ಸ್‌ಪೀರಿಯನ್ಸ್ ಇದೆಯಾ?" ಒಂದು ವರ್ಷ ಕಾದು, ಡ್ಯಾಂಡಿನಾಂಗ್ ಸೌತ್‌ನ ಒಂದು ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದರು. ಬೇರೆಯವರ ಜಿಎಸ್‌ಟಿ ಲೆಕ್ಕ ಬರೆದುಕೊಡುವ ಬ್ಯಾಸ್ ಏಜೆಂಟ್ ಆಗೋಣವೆಂದು ಒಮ್ಮೆ ವಿಚಾರಿಸಿದರು. ಅದಕ್ಕೆ ಕೋರ್ಸು ಮುಗಿಸಿದರೆ ಸಾಲದು, ಹಿಂದಿನ ನಾಲ್ಕು ವರ್ಷಗಳಲ್ಲಿ 1,400 ಗಂಟೆ ಅದೇ ಕೆಲಸ ಮಾಡಿರಬೇಕು. ಅವರ ಸಂಘದ ಸದಸ್ಯರಾದರೆ 1,000 ಗಂಟೆ. ಅಮ್ಮ ಲ್ಯಾಪ್‌ಟಾಪ್ ಮುಚ್ಚಿ, "ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ" ಎಂದು ನಕ್ಕರು. ಆಗ ನನಗೆ ಆ ಗಾದೆ ತಮಾಷೆಯಾಗಿ ಕಂಡಿತ್ತು.

ಮೊದಲ ಸಂಬಳ ಬಂದಾಗ ಅಮ್ಮ ಪೇಸ್ಲಿಪ್ ಪ್ರಿಂಟ್ ತೆಗೆಸಿ, ಕುಂಕುಮ ಇಟ್ಟು ದೇವರ ಮುಂದೆ ಇಟ್ಟರು. ದುಡ್ಡು ಬ್ಯಾಂಕಿಗೆ ಹೋಗಿತ್ತಲ್ಲ, ಇನ್ನೇನು ಇಡುವುದು? ಆಮೇಲೆ ಅದನ್ನು ಸಾಲು ಸಾಲಾಗಿ ಓದಿ, "ಸೂಪರ್ ಹಾಕಿಲ್ಲ" ಎಂದರು. 18 ತುಂಬದವರು ವಾರಕ್ಕೆ 30 ಗಂಟೆಗಿಂತ ಹೆಚ್ಚು ಕೆಲಸ ಮಾಡಿದರೆ ಮಾತ್ರ ಕಂಪನಿ ಸೂಪರ್ ಕಟ್ಟಲೇಬೇಕು ಎಂದು ಅವರೇ ಹುಡುಕಿ ಓದಿ ಸಮಾಧಾನ ಮಾಡಿಕೊಂಡರು. ಅಮ್ಮನ ಕಣ್ಣಿಗೆ ಲೆಕ್ಕ ಕಂಡರೆ ಬಿಡುವುದಿಲ್ಲ ಎನ್ನುವುದು ನನಗೆ ಅಲ್ಲೇ ಗೊತ್ತಾಗಬೇಕಿತ್ತು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಜೂನ್ ತಿಂಗಳು. ಇಲ್ಲಿ ಲೆಕ್ಕದ ವರ್ಷ ಮುಗಿಯುವುದು ಜೂನ್ 30ಕ್ಕೆ, ಆದ್ದರಿಂದ ಎಲ್ಲರಿಗೂ ಗಡಿಬಿಡಿ. ಸರಕು ಸಾಗಿಸುವ ಒಂದು ಕಂಪನಿಯ ಅರವತ್ತಕ್ಕೂ ಹೆಚ್ಚು ಬಿಲ್ಲುಗಳನ್ನು ನಾನೇ ಏರಿಸಿದ್ದೆ. ಅವರು ಕಳಿಸಿದ ಸ್ಟೇಟ್‌ಮೆಂಟಿಗೂ ನಮ್ಮ ಲೆಕ್ಕಕ್ಕೂ ತಾಳೆ ಹಾಕಿದರೆ 360 ಡಾಲರ್ ವ್ಯತ್ಯಾಸ. ನಮ್ಮದು ಜಾಸ್ತಿ. ಮಧ್ಯಾಹ್ನವೆಲ್ಲ ಹುಡುಕಿದೆ. 360 ಡಾಲರಿನ ಬಿಲ್ಲೇ ಇರಲಿಲ್ಲ. ಐದು ಗಂಟೆಗೆ ಸೂಪರ್‌ವೈಸರ್ ಬಂದು ಎಲ್ಲಾ ಸರಿಯಾಗಿದೆಯಾ ಎಂದು ಕೇಳಿದರು. "ಸರಿಯಾಗಿದೆ" ಎಂದೆ.

ಯಾಕೆ ಹಾಗೆ ಹೇಳಿದೆ? ತಪ್ಪು ಮಾಡಿದ್ದೇನೆ ಎಂದರೆ ಇವಳಿಗೆ ಕೆಲಸ ಬರುವುದಿಲ್ಲ ಎಂದುಕೊಳ್ಳುತ್ತಾರೆ ಎಂಬ ಭಯ. ಗುರುವಾರ ಮಾತ್ರ ಹೋಗುವವಳಿಗೆ ಇನ್ನೊಂದು ತೊಂದರೆ ಇದೆ: ಮಾಡಿದ ತಪ್ಪು ಒಂದು ವಾರ ಅಲ್ಲೇ ಕೂತಿರುತ್ತದೆ. ಶುಕ್ರವಾರ ಮಧ್ಯಾಹ್ನ ಆ ವಾರದ ಪಾವತಿಗಳೆಲ್ಲ ಬ್ಯಾಂಕಿಗೆ ಹೋಗುತ್ತವೆ ಎಂಬುದು ರೈಲಿನಲ್ಲಿ ಲಿನ್‌ಬ್ರೂಕ್ ದಾಟುವಾಗ ನೆನಪಾಯಿತು.

ರಾತ್ರಿ ಊಟ ಸೇರಲಿಲ್ಲ. ಅಮ್ಮ ಅವತ್ತು ಎಂಟು ಗಂಟೆ ನಿಂತು ಕೆಲಸ ಮಾಡಿ ಬಂದು, ಕಾಲನ್ನು ಬಿಸಿನೀರಿನಲ್ಲಿ ಇಟ್ಟುಕೊಂಡು ಕೂತಿದ್ದರು. "ಏನಾಯ್ತೇ ಪುಟ್ಟಿ?" ಎಂದರು. ಆಫೀಸಿನ ಕಾಗದ ಮನೆಗೆ ತರುವಂತಿಲ್ಲ, ಕಂಪನಿಗಳ ಹೆಸರನ್ನೂ ಹೇಳುವಂತಿಲ್ಲ. "360 ತಾಳೆ ಆಗ್ತಿಲ್ಲಮ್ಮ" ಎಂದೆ, ಅಷ್ಟೇ.

ಅಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. "ಒಂಬತ್ತರಲ್ಲಿ ಭಾಗ ಹೋಗುತ್ತಲ್ಲ. ಅಂಕಿ ಅದಲುಬದಲು ಮಾಡಿದ್ದೀಯ."

ಚಿಕ್ಕ ಮಕ್ಕಳೇ, ನೀವೂ ಮಾಡಿ ನೋಡಿ. 52 ಎಂದು ಬರೆಯುವ ಕಡೆ 25 ಎಂದು ಬರೆಯಿರಿ. ವ್ಯತ್ಯಾಸ 27. 81ರ ಬದಲು 18, ವ್ಯತ್ಯಾಸ 63. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರ ಮಗ್ಗಿಯಲ್ಲೇ ಇರುತ್ತದೆ. (ತಿರುಗುಮುರುಗು ನಿಜವಲ್ಲ. 9ರಲ್ಲಿ ಭಾಗ ಹೋದ ಮಾತ್ರಕ್ಕೆ ಅದೇ ತಪ್ಪು ಎಂದು ಹೇಳಲಾಗದು. ಆದರೆ ಮೊದಲು ಅಲ್ಲಿ ಹುಡುಕಬೇಕು.) ಅಮ್ಮ ಇನ್ನೂ ಮುಂದೆ ಹೋದರು. "360 ಅಂದ್ರೆ 90ರ ನಾಲ್ಕು ಪಟ್ಟು. ನೂರರ ಸ್ಥಾನ, ಹತ್ತರ ಸ್ಥಾನ ನೋಡು. ಆ ಎರಡು ಅಂಕಿಗೂ ನಾಲ್ಕು ವ್ಯತ್ಯಾಸ ಇರೋ ಬಿಲ್ಲು ಹುಡುಕು." ಆಮೇಲೆ ಕಾಲು ಒರೆಸಿಕೊಳ್ಳುತ್ತಾ, "ಬೆಳಿಗ್ಗೆನೇ ಫೋನ್ ಮಾಡಿ ಹೇಳು. ಮುಂದಿನ ಗುರುವಾರ ಅಂತ ಕೂತ್ಕೋಬೇಡ" ಎಂದರು.

ಶುಕ್ರವಾರ ಎಂಟೂವರೆಗೆ ಶಾಲೆಯ ಗೇಟಿನ ಹತ್ತಿರ ನಿಂತು ಫೋನ್ ಮಾಡಿದೆ. ಕೈ ನಡುಗುತ್ತಿತ್ತು. ನಿನ್ನೆ ಸರಿಯಾಗಿದೆ ಎಂದದ್ದು ಸುಳ್ಳು ಎಂದು ಮೊದಲು ಹೇಳಿದೆ, ಆಮೇಲೆ ಅಮ್ಮ ಹೇಳಿದ ಹಾಗೆ ಹುಡುಕಲು ಹೇಳಿದೆ. ಮೊದಲ ಪೀರಿಯಡ್ ಮುಗಿಯುವುದರೊಳಗೆ ಮೆಸೇಜ್ ಬಂತು. 1,485 ಡಾಲರಿನ ಬಿಲ್ಲನ್ನು ನಾನು 1,845 ಎಂದು ಏರಿಸಿದ್ದೆ. ಹಣ ಹೋಗುವ ಮೊದಲೇ ಸರಿ ಮಾಡಿದ್ದರು.

ಮುಂದಿನ ಗುರುವಾರ ಸೂಪರ್‌ವೈಸರ್ ಬೈಯಲಿಲ್ಲ. ತಪ್ಪು ಎಲ್ಲರೂ ಮಾಡುತ್ತಾರೆ, ಗೊತ್ತಿಲ್ಲ ಎಂದು ಅವತ್ತೇ ಹೇಳಬೇಕು ಎಂದು ಮಾತ್ರ ಹೇಳಿದರು. ಆಮೇಲೆ ಕೇಳಿದರು, "ಒಂಬತ್ತರ ಲೆಕ್ಕ ಯಾರು ಹೇಳಿಕೊಟ್ಟರು?"

"ನಮ್ಮ ಅಮ್ಮ. ಅವರು ಅಕೌಂಟೆಂಟ್."

"ಪ್ಯಾಕಿಂಗ್ ಮಾಡುತ್ತಾರೆ ಎಂದಿದ್ದೆಯಲ್ಲ?"

ನಾಲ್ಕು ತಿಂಗಳಾದರೂ ಅವರಿಗೆ ನೆನಪಿತ್ತು. ನನ್ನ ಮುಖ ಕೆಂಪಾಯಿತು. "ಎರಡೂ ಮಾಡ್ತಾರೆ" ಎಂದೆ. ಮನೆಗೆ ಬಂದು ಇದನ್ನು ಅಮ್ಮನಿಗೆ ಹೇಳಿದೆ, 'ಸುಮ್ಮನೆ' ಎಂದಿದ್ದನ್ನೂ ಸೇರಿಸಿ. ಅಮ್ಮ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಅಕೌಂಟೆಂಟ್ ಆಗಿದ್ದೆ ಕಣೇ" ಎಂದು ಎದ್ದು ಅಡುಗೆಮನೆಗೆ ಹೋದರು.

ನನಗೆ ಆಮೇಲೆ ಹೊಳೆದದ್ದು ಏನೆಂದರೆ, ಆಫೀಸಿನಲ್ಲಿ ನಾನು ಕಲಿತದ್ದರಲ್ಲಿ ಲೆಕ್ಕ ಕಡಿಮೆ. ಅದು ಅಮ್ಮನಿಗೆ ನನಗಿಂತ ನೂರು ಪಟ್ಟು ಚೆನ್ನಾಗಿ ಬರುತ್ತದೆ. ನಾನು ಕಲಿತದ್ದು ಬೇರೆ. ದೊಡ್ಡ ಮ್ಯಾನೇಜರನ್ನೂ ಹೆಸರು ಹಿಡಿದು ಕರೆಯಬೇಕು (ನನಗೆ ಮೂರು ವಾರ ಬಾಯಿ ಬರಲಿಲ್ಲ). ಮೀಟಿಂಗಿನಲ್ಲಿ ಸುಮ್ಮನೆ ಕೂತರೆ ಮರ್ಯಾದೆ ಎಂದುಕೊಳ್ಳುವುದಿಲ್ಲ, ಆಸಕ್ತಿ ಇಲ್ಲ ಎಂದುಕೊಳ್ಳುತ್ತಾರೆ. 'ಲೋಕಲ್ ಎಕ್ಸ್‌ಪೀರಿಯನ್ಸ್' ಎಂದು ಅವರು ಕೇಳುತ್ತಿದ್ದುದು ಬಹುಶಃ ಇದನ್ನೇ. ನನಗೆ ಹದಿನಾರಕ್ಕೆ, ಸಂಬಳ ಕೊಟ್ಟು, ಶಾಲೆಯ ಮೂಲಕ ಅದು ಸಿಕ್ಕಿತು. ಅಮ್ಮನಿಗೆ ಹತ್ತು ವರ್ಷ ಯಾರೂ ಹೇಳಲಿಲ್ಲ. ಇದು ಸರಿ ಎಂದು ನನಗೆ ಅನ್ನಿಸುವುದಿಲ್ಲ.

ಸೆಪ್ಟೆಂಬರ್ ರಜೆಯಲ್ಲಿ ಅಡುಗೆಮನೆಯ ಮೇಜಿನ ಮೇಲೆ ನಾವಿಬ್ಬರೂ ಇಂಟರ್‌ವ್ಯೂ ಅಭ್ಯಾಸ ಮಾಡಿದೆವು. ನಾನು ಮ್ಯಾನೇಜರ್. "ನೀವು ಮಾಡಿದ ಒಂದು ತಪ್ಪಿನ ಬಗ್ಗೆ ಹೇಳಿ" ಎಂದೆ. "ಎಂಟು ವರ್ಷದಲ್ಲಿ ಒಂದು ತಪ್ಪೂ ಮಾಡಿಲ್ಲ ಸರ್" ಎಂದರು ಅಮ್ಮ. ಅದು ನಿಜವೇ ಇರಬಹುದು. ಆದರೆ ಇಲ್ಲಿ ಆ ಉತ್ತರಕ್ಕೆ ಕೆಲಸ ಸಿಗುವುದಿಲ್ಲ ಎಂದು ಹೇಳಿ, ನನ್ನ 360 ಡಾಲರಿನ ಕಥೆ ಹೇಳುವ ರೀತಿ ತೋರಿಸಿದೆ. "ನಿನ್ನ ತಪ್ಪನ್ನ ನಾನ್ಯಾಕೆ ಹೇಳ್ಲಿ?" ಎಂದು ನಕ್ಕು, ತಮ್ಮದೇ ಒಂದನ್ನು ನೆನಪು ಮಾಡಿಕೊಂಡರು. ಒಳ್ಳೆಯ ಕಥೆ. ಅವರನ್ನೇ ಕೇಳಿ, ಹೇಳುತ್ತಾರೆ.

ಆ ಅಭ್ಯಾಸದ ಮೇಲೆ ಒಂದು ಇಂಟರ್‌ವ್ಯೂಗೆ ಹೋಗಿಬಂದರು. ಆಗಲಿಲ್ಲ. ಈಗ ಅಕೌಂಟಿಂಗ್ ಮತ್ತು ಬುಕ್‌ಕೀಪಿಂಗ್‌ನ ಸರ್ಟಿಫಿಕೇಟ್ ಫೋರ್‌ಗೆ ಅರ್ಜಿ ಹಾಕಿದ್ದಾರೆ. ವಿಕ್ಟೋರಿಯಾದಲ್ಲಿ ಅದು ಫ್ರೀ ಟೇಫ್ ಪಟ್ಟಿಯಲ್ಲಿದೆ, ಬ್ಯಾಸ್ ಏಜೆಂಟ್ ಆಗಲು ಬೇಕಾಗುವ ಕೋರ್ಸೂ ಅದೇ. ಗಂಟೆಗಳ ಲೆಕ್ಕ ಆಮೇಲಿನದು. ಕಳೆದ ವಾರ ಅರ್ಜಿಯ ಕಾಗದವನ್ನು ಪ್ರಿಂಟ್ ತೆಗೆದು ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಹಿಂದಿನ ಅನುಭವ ಎಂಬ ಜಾಗದಲ್ಲಿ ಮೈಸೂರಿನ 8 ವರ್ಷವನ್ನು ಬರೆಯಲೋ ಬೇಡವೋ ಎಂದು ಕೇಳಿದರು. ಬರಿ ಅಮ್ಮ ಎಂದೆ. ಬರೆದರು. ಆಮೇಲೆ ನನ್ನ ಪೆನ್ಸಿಲ್ ಡಬ್ಬಿಯಿಂದ ಕೆಂಪು ಪೆನ್ಸಿಲ್ ತೆಗೆದುಕೊಂಡು, ಆಡಿಟರ ಆಫೀಸಿನಲ್ಲಿ ಮಾಡುತ್ತಿದ್ದ ಹಾಗೆ, ಪ್ರತಿ ಸಾಲನ್ನೂ ಓದಿ ಪಕ್ಕದಲ್ಲಿ ಒಂದೊಂದು ಟಿಕ್ ಹಾಕುತ್ತಾ ಹೋದರು.