ಒಣಗಿದ ದ್ರಾಕ್ಷಿಗೂ ಒಂದು ಊರುಂಟು

ಜಮಖಂಡಿ ಸೀಮೆಯ ದ್ರಾಕ್ಷಿ ಬೆಳೆಗಾರರಿಗೆ ‘ಬೋರ್ಡೋ’ ಎಂಬ ಮಾತು ಹೊಸದಲ್ಲ. ಮೈಲುತುತ್ತ, ಸುಣ್ಣ, ನೀರು ಬೆರೆಸಿ ಬಳ್ಳಿಗೆ ಹೊಡೆಯುವ ನೀಲಿ ದ್ರಾವಣಕ್ಕೆ ಆ ಹೆಸರು. ಆದರೆ ಅದು ಫ್ರಾನ್ಸಿನ ಒಂದು ನಗರದ ಹೆಸರೆಂಬುದು ಬಹಳ ಮಂದಿಗೆ ಗೊತ್ತಿರಲಿಕ್ಕಿಲ್ಲ. ಅಲ್ಲಿಯ ಪ್ರಾಧ್ಯಾಪಕ ಮಿಲಾರ್ಡೆ 1885ರಲ್ಲಿ ಈ ಔಷಧವನ್ನು ಲೋಕಕ್ಕೆ ತಿಳಿಸಿದರು. ಕಳ್ಳರು ಹಣ್ಣು ಮುಟ್ಟದಿರಲೆಂದು ರೈತರು ದಾರಿ ಬದಿಯ ಬಳ್ಳಿಗಳಿಗೆ ಹಚ್ಚಿದ್ದ ನೀಲಿ ಬಣ್ಣವೇ ರೋಗವನ್ನೂ ತಡೆದದ್ದು ಅವರ ಕಣ್ಣಿಗೆ ಬಿದ್ದಿತ್ತು.

ಆ ನಗರದಿಂದ ಸುಮಾರು 40 ಕಿ.ಮೀ. ದೂರದಲ್ಲಿ ಸೊಟೆರ್ನ್ ಎಂಬ ಹಳ್ಳಿಯಿದೆ. ಅಲ್ಲಿಯ ಹೊಂಬಣ್ಣದ ಸಿಹಿ ಬಿಳಿ ವೈನ್ ಜಗತ್ಪ್ರಸಿದ್ಧ. ಮಾಸ್ತರರು ಮಕ್ಕಳ ಮುಂದೆ ವೈನಿನ ಕಥೆ ಹೇಳುವುದೇ ಎಂದು ಪಾಲಕರು ಹುಬ್ಬೇರಿಸಬಾರದು. ನಾನು ಅದನ್ನು ಕುಡಿದವನಲ್ಲ, ಕುಡಿಯಿರಿ ಎನ್ನುವವನೂ ಅಲ್ಲ. ನನ್ನನ್ನು ಹಿಡಿದಿಟ್ಟದ್ದು ಅದರ ಹಿಂದಿರುವ ವಿಜ್ಞಾನ.

ಸೊಟೆರ್ನ್ ಬಳಿ ಸಿರೋಂ ಎಂಬ ತಣ್ಣೀರಿನ ಚಿಕ್ಕ ಹೊಳೆ ಬೆಚ್ಚಗಿನ ಗರೋನ್ ನದಿಯನ್ನು ಸೇರುತ್ತದೆ. ಶರತ್ಕಾಲದ ಮುಂಜಾವಿನಲ್ಲಿ ಅಲ್ಲಿ ದಟ್ಟ ಮಂಜು ಏಳುತ್ತದೆ. ಆ ತೇವಕ್ಕೆ ಮಾಗಿದ ದ್ರಾಕ್ಷಿಯ ಮೇಲೆ ಬೋಟ್ರಿಟಿಸ್ ಎಂಬ ಬೂಷ್ಟು ಹುಟ್ಟಿ ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ತೂತು ಕೊರೆಯುತ್ತದೆ. ಮಧ್ಯಾಹ್ನದ ಬಿಸಿಲು ಮಂಜನ್ನು ಕರಗಿಸಿದಾಗ ಆ ತೂತುಗಳ ಮೂಲಕ ಹಣ್ಣಿನ ನೀರು ಆವಿಯಾಗುತ್ತದೆ. ಹಣ್ಣು ಸುಕ್ಕುಗಟ್ಟುತ್ತದೆ, ಸಕ್ಕರೆ ಸಾಂದ್ರವಾಗುತ್ತದೆ. ಈ ರಸದಲ್ಲಿ ಯೀಸ್ಟ್ ತನ್ನ ಕೆಲಸ ನಿಲ್ಲಿಸಿದ ಮೇಲೂ ಬೇಕಾದಷ್ಟು ಸಿಹಿ ಉಳಿದಿರುತ್ತದೆ. ಜೇನಿನಂಥ ಪರಿಮಳಕ್ಕೂ ಈ ಬೂಷ್ಟೇ ಕಾರಣ. ಎಲ್ಲ ಹಣ್ಣೂ ಒಂದೇ ದಿನ ಹದಕ್ಕೆ ಬರುವುದಿಲ್ಲವಾದ್ದರಿಂದ ಒಂದೇ ತೋಟದಲ್ಲಿ ಹಲವು ಸಲ ಆರಿಸಿ ಕೊಯ್ಯುತ್ತಾರೆ. ಅಲ್ಲಿಯ ಹೆಸರಾಂತ ಶಾತೋ ಡಿಕೆಮ್ ತೋಟದಲ್ಲಿ ಒಂದು ಬಳ್ಳಿಗೆ ಒಂದು ಲೋಟ ವೈನ್ ಬಂದರೆ ಹೆಚ್ಚು.

ತರಗತಿಯಲ್ಲಿ ಇದನ್ನು ಹೇಳಿದಾಗ ಸಾವಳಗಿ ಕಡೆಯ ಹುಡುಗನೊಬ್ಬ ಎದ್ದು ನಿಂತ. “ಬೂಷ್ಟ ಹಿಡದ ಹಣ್ಣ ಯಾರ ತಗೋತಾರ್ರೀ ಸರ? ನಮ್ಮಪ್ಪ ಅಂಥಾವನ್ನ ಕಿತ್ತ ಒಗೀತಾನ್ರಿ.” ಅವನ ಮಾತು ಸರಿಯೇ. ಅದೇ ಬೂಷ್ಟು ಬಿಸಿಲು ಬೀಳದ ಒದ್ದೆ ದಿನಗಳಲ್ಲಿ ಫ್ರಾನ್ಸಿನಲ್ಲೂ ಗೊನೆಯನ್ನು ಕೊಳೆಸಿಬಿಡುತ್ತದೆ. ವರವೋ ಶಾಪವೋ ಎಂಬುದನ್ನು ಹವೆಯೇ ತೀರ್ಮಾನಿಸುತ್ತದೆ.

ನಮ್ಮಲ್ಲಿ ಬೂಷ್ಟಿನ ಕೆಲಸವನ್ನು ರಸಾಯನಶಾಸ್ತ್ರ ಮಾಡುತ್ತದೆ. ದ್ರಾಕ್ಷಿಯ ಸಿಪ್ಪೆಯ ಮೇಲೆ ತೆಳುವಾದ ಮೇಣವಿರುತ್ತದೆ. ಗೊನೆಗಳನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ಬೆರೆಸಿದ ನೀರಿನಲ್ಲಿ ಅದ್ದಿದರೆ ನೀರನ್ನು ತಡೆಯುವ ಆ ಮೇಣದ ಶಕ್ತಿ ಕುಂದುತ್ತದೆ. ರೈತರು ‘ಡಿಪ್ಪಿಂಗ್ ಆಯಿಲ್’ ಎನ್ನುವುದು ಇದನ್ನೇ. ಆಮೇಲೆ ನೆರಳಿನ ಶೆಡ್ಡಿನಲ್ಲಿ ಬಲೆಯ ಅಂತಸ್ತುಗಳ ಮೇಲೆ ಹರಡಿದರೆ ನಮ್ಮ ಒಣಗಾಳಿ ಸುಮಾರು ಹದಿನೈದು ದಿನಗಳಲ್ಲಿ ಮಣೂಕ ಮಾಡಿಕೊಡುತ್ತದೆ.

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಲಿ. ಹಣ್ಣಿನ ಸಿಹಿಯನ್ನು ಬ್ರಿಕ್ಸ್‌ನಲ್ಲಿ ಅಳೆಯುತ್ತಾರೆ. ಕಬ್ಬಿನ ರಸಕ್ಕೂ ಅದೇ ಅಳತೆಯೆಂದು ಮುಧೋಳದ ಮಕ್ಕಳಿಗೆ ಗೊತ್ತು. 22 ಬ್ರಿಕ್ಸ್ ಇರುವ 4 ಕಿಲೋ ಹಣ್ಣಿನಲ್ಲಿ ಸುಮಾರು 880 ಗ್ರಾಂ ಘನಪದಾರ್ಥವಿರುತ್ತದೆ. ಶೇ. 15 ತೇವ ಉಳಿಸಿ ಒಣಗಿಸಿದರೆ ಒಂದು ಕಿಲೋಕ್ಕೆ ತುಸು ಹೆಚ್ಚು ಒಣದ್ರಾಕ್ಷಿ ಸಿಗುತ್ತದೆ. ಅವಸರಪಟ್ಟು 18 ಬ್ರಿಕ್ಸ್‌ಗೇ ಕೊಯ್ದರೆ ಸಿಗುವುದು ಸುಮಾರು 850 ಗ್ರಾಂ ಮಾತ್ರ. ಇನ್ನು ಒಣಗುವ ದಿನಗಳಲ್ಲಿ ಅಕಾಲದ ಮಳೆ ಬಿತ್ತೋ, ಬಣ್ಣ ಕಪ್ಪಾಗಿ ಇಡೀ ವರ್ಷದ ದುಡಿಮೆಯ ಬೆಲೆ ಕುಸಿಯುತ್ತದೆ.

ಇಷ್ಟೆಲ್ಲ ಆದ ಮೇಲೆ “ಹಾಗಾದರೆ ನಮ್ಮ ಸೀಮೆಯ ಹೆಸರಾಂತ ಪದಾರ್ಥ ಯಾವುದು?” ಎಂದು ಅದೇ ಹುಡುಗನನ್ನು ಕೇಳಿದೆ. ಕಬ್ಬು, ಬೆಲ್ಲ, ಬನಹಟ್ಟಿಯ ಸೀರೆ ಎಂದ. ಮಣೂಕ? “ಅದು ಸಾಂಗ್ಲೀದಲ್ರೀ ಸರ!” ಸ್ವಂತ ಶೆಡ್ಡಿನಲ್ಲಿ ಗೊನೆ ಹರಡುವ ಹುಡುಗನ ಉತ್ತರವಿದು.

ಅವನನ್ನು ದೂರುವಂತಿಲ್ಲ. ನಮ್ಮ ಒಣದ್ರಾಕ್ಷಿ ಎಷ್ಟೋ ಪಾಲು ತಾಸಗಾವ, ಸಾಂಗ್ಲಿ ಪೇಟೆಗಳಿಗೆ ಹೋಗಿ ಮಾರಾಟವಾಗುತ್ತದೆ. ಅಲ್ಲಿಯವರು ಶ್ರಮಪಟ್ಟು ಪೇಟೆ ಕಟ್ಟಿದರು. 2016ರಲ್ಲಿ ಸಾಂಗ್ಲಿ ಒಣದ್ರಾಕ್ಷಿಗೆ ಭೌಗೋಳಿಕ ಗುರುತನ್ನೂ ಪಡೆದರು. ನಮ್ಮ ಜಿಲ್ಲೆಯ ಇಳಕಲ್ ಸೀರೆಗೆ ಅಂಥ ಗುರುತಿದೆ. ನಮ್ಮ ಮಣೂಕ ಮಾತ್ರ ಊರಿನ ಗಡಿ ದಾಟಿದೊಡನೆ ಹೆಸರು ಕಳೆದುಕೊಳ್ಳುತ್ತದೆ.

ಸೊಟೆರ್ನ್ ಎಂಬ ಹೆಸರನ್ನು 1936ರಿಂದ ಕಾನೂನು ಕಾಯುತ್ತಿದೆ. ಐದು ಹಳ್ಳಿಗಳ ಹಣ್ಣಿಗೆ ಮಾತ್ರ ಆ ಹೆಸರಿನ ಹಕ್ಕು. ಆದರೆ ಹೆಸರು ಬರಿಯ ಕಾಗದದಿಂದ ಉಳಿಯುವುದಿಲ್ಲ. 2012ರಲ್ಲಿ ಹವೆ ಕೈಕೊಟ್ಟಾಗ ಡಿಕೆಮ್ ತೋಟದವರು ಆ ವರ್ಷ ತಮ್ಮ ಹೆಸರಿನಲ್ಲಿ ವೈನನ್ನೇ ಹೊರತರಲಿಲ್ಲ. ನಷ್ಟವನ್ನು ನುಂಗಿದರು, ಹೆಸರನ್ನು ಉಳಿಸಿಕೊಂಡರು.

ಸಣ್ಣ ಹಿಡುವಳಿಯ ನಮ್ಮ ರೈತನಿಗೆ ಅಷ್ಟು ದೊಡ್ಡ ನಷ್ಟ ಹೊರುವ ತಾಕತ್ತಿಲ್ಲ. ಆದರೆ ಹದ ನೋಡಿ ಕೊಯ್ಯುವುದು, ಕಪ್ಪು ಕಾಳನ್ನು ಬೇರೆ ಮಾಡುವುದು, ಚೀಲದ ಮೇಲೆ ಊರಿನ ಹೆಸರು ಬರೆಯುವುದು ಅವನ ಕೈಯಲ್ಲಿದೆ. ಪಾಲಕರಲ್ಲಿ ನನ್ನದೊಂದು ವಿನಂತಿ. ಈ ಸುಗ್ಗಿಯಲ್ಲಿ ಮಕ್ಕಳನ್ನು ಒಂದು ದಿನ ಶೆಡ್ಡಿಗೆ ಕರೆದೊಯ್ಯಿರಿ. ಬ್ರಿಕ್ಸ್ ಅಳೆಯುವ ಸಾಧನವನ್ನು ಅವರ ಕೈಗೇ ಕೊಡಿ. ತನ್ನ ಮನೆಯ ಪದಾರ್ಥದ ಗುಣ ಅರಿತ ಮಗು ಅದನ್ನು ಬೇರೆ ಊರಿನದೆಂದು ಹೇಳಲಾರದು.