‘ಇರಲಿ’ ಅಂದರೆ ಎಷ್ಟು?

ನಿವೃತ್ತಿಯಾದ ಮೇಲೆ ಕೆಲವರು ಕಾಶಿಗೆ ಹೋಗುತ್ತಾರೆ, ಕೆಲವರು ಸೈಟಿನ ವ್ಯಾಜ್ಯಕ್ಕೆ ಕೋರ್ಟಿಗೆ ಹೋಗುತ್ತಾರೆ. ನಾನು ಜೆ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬೆನ್ನು ಹತ್ತಿದೆ. ಪುಕ್ಕಟೆ ಸಿಗುತ್ತದೆ ಎಂಬುದೇ ಮುಖ್ಯ ಕಾರಣ. ಕೆನಡಾದ ಕೆನೆತ್ ಐವರ್ಸನ್ 1962ರಲ್ಲಿ ಒಂದು ಪುಸ್ತಕ ಬರೆದರು. ಅದರ ಹೆಸರಿನ ಮೊದಲಕ್ಷರಗಳೇ ಅಂಟಿಕೊಂಡು ಎಪಿಎಲ್ ಎಂಬ ಭಾಷೆಯಾಯಿತು. ಅದರ ವಿಚಿತ್ರ ಗುರುತುಗಳಿಗೆ ಬೇರೆ ಕೀಲಿಮಣೆಯೇ ಬೇಕಿತ್ತು. 1990ರಲ್ಲಿ ರೋಜರ್ ಹುಯಿ ಜೊತೆ ಕೂತು ಸಾದಾ ಕೀಲಿಮಣೆಗೆ ಒಗ್ಗಿಸಿದ್ದು ಈ ಜೆ. ಒಂದು ಅಂಕಿಗೆ ಹೇಳಿದ್ದು ಇಡೀ ಸಾಲಿಗೆ ನಡೆಯುತ್ತದೆ. ಒಬ್ಬರಿಗೆ ಬಡಿಸಿದರೆ ಪಂಕ್ತಿಯ ಎಲ್ಲ ಎಲೆಗೂ ಬಿದ್ದ ಹಾಗೆ. ಬರೆದ ಪ್ರೋಗ್ರಾಮು ಮಾತ್ರ ಸೊಳ್ಳೆ ಹೊಡೆದ ಗೋಡೆಯಂತೆ ಕಾಣುತ್ತದೆ.

ಕಲಿತದ್ದಕ್ಕೆ ಏನಾದರೂ ಉಪಯೋಗ ಬೇಕಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಹಳೆಮನೆಯ ಅಟ್ಟದಿಂದ ಅಜ್ಜಯ್ಯನ 1954ರ ಕಿರ್ದಿ ಪುಸ್ತಕ ಇಳಿಸಿದೆ. ಕೆಂಪು ಬಟ್ಟೆಯ ರಟ್ಟು, ದಿನಕ್ಕೊಂದು ಪುಟ. ಪುಟದ ಬುಡದಲ್ಲಿ ಅಜ್ಜಯ್ಯನ ಮೊತ್ತ, ಅದರ ಪಕ್ಕ ಅಜ್ಜಿ ತಾನೂ ಕೂಡಿ ನೋಡಿ ಹಾಕಿದ ಪೆನ್ಸಿಲ್ ಗೀಟು. ಆ ಗೀಟು ಬೀಳದೆ ಮರುದಿನದ ಪುಟ ತೆರೆಯುವ ಹಾಗಿರಲಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಒಂದು ಮಳೆಗಾಲ ಪೂರ್ತಿ ಕೂತು, ಇದ್ದದ್ದನ್ನು ಇದ್ದ ಹಾಗೇ ಟೈಪು ಮಾಡಿದೆ.

ಕೂಡು ಅಂದರೆ ಜೆ ‘ಡೊಮೇನ್ ಎರರ್’ ಎಂದು ಮುಖ ತಿರುಗಿಸಿತು. ನಾನು ಅಂಕಿ ಅಂದುಕೊಂಡದ್ದೆಲ್ಲ ಅದರ ಪಾಲಿಗೆ ಬರೀ ಬರಹ. ಅದರಲ್ಲೂ ಅಜ್ಜಯ್ಯನ ೫ ಶುದ್ಧ ರಂಗೋಲಿ. ಪುಣ್ಯಕ್ಕೆ ಯೂನಿಕೋಡ್‌ನಲ್ಲಿ ಕನ್ನಡದ ಸೊನ್ನೆಯ ಮನೆ ನಂಬರು 3302. ಉಳಿದವು ಒಂದರ ಪಕ್ಕ ಒಂದು, 3311ರವರೆಗೆ. 3302 ಕಳೆದರೆ ರಂಗೋಲಿ ಐದಾಗುತ್ತದೆ.

ಬರಹವನ್ನು ಸಂಖ್ಯೆ ಮಾಡಲು ಜೆಯಲ್ಲಿ ಒಂದು ಡಬಲ್ ಕೋಟು, ಮಗ್ಗುಲಲ್ಲೊಂದು ಚುಕ್ಕಿ. ಅಷ್ಟೇ. ಆದರೆ ಎಡಗಡೆ ಏನೂ ಇಡದೆ ಬರಹವನ್ನಷ್ಟೇ ಕೊಟ್ಟರೆ ಅದನ್ನು ಅಪ್ಪಣೆ ಎಂದುಕೊಂಡು ಮಾಡಿಯೇ ಬಿಡುತ್ತದೆ. 5-4-6 ಅಂದರೆ ಐದು ರೂಪಾಯಿ ನಾಲ್ಕಾಣೆ ಆರು ಪೈ ತಾನೆ? ಜೆ ಅಡ್ಡಗೀಟನ್ನು ಕಳೆಯುವ ಗುರುತೆಂದು ಬಗೆದು, ಬಲದಿಂದ ಎಡಕ್ಕೆ ಬರುವ ತನ್ನ ಮನೆತನದ ಪದ್ಧತಿಯಂತೆ, ಮೊದಲು ನಾಲ್ಕರಲ್ಲಿ ಆರು ಕಳೆಯಿತು. ಬಂದ ಋಣ ಎರಡನ್ನು ಐದರಲ್ಲಿ ಕಳೆದು 7 ಎಂದಿತು. 2-8-0 ಋಣ ಆರಾಯಿತು. ಎರಡೂವರೆ ರೂಪಾಯಿಗೆ ತಂದ ಎಣ್ಣೆಗೆ ಅಂಗಡಿಯವನೇ ಆರು ರೂಪಾಯಿ ಎಣಿಸಿ ಕೈಗಿಟ್ಟ ಹಾಗೆ!

ಗೀಟು ತೆಗೆದು ಜಾಗ ಬಿಟ್ಟ ಮೇಲೆ ಸುಲಿದ ಬಾಳೆಹಣ್ಣು. ಆಣೆಗೆ ಹನ್ನೆರಡು ಪೈ, ರೂಪಾಯಿಗೆ ಹದಿನಾರಾಣೆ ಎಂದು ತಿಳಿಸಲು 0 16 12 #. ಎಂದು ಬರೆದರೆ ಸಾಕು, 5 4 6 ಹೋಗಿ 1014 ಪೈ. 1957ರ ಏಪ್ರಿಲ್ 1ರಂದು ರೂಪಾಯಿಯನ್ನು ನೂರು ಚೂರು ಮಾಡಿಕೊಂಡ ಮೇಲೆ ನಾವು ಮರೆತ ಮಗ್ಗಿ! ಖುಷಿಗೆ ಹೆಂಡತಿಯನ್ನು ಕೂಗಿದೆ. “ಹಾಲು ಉಕ್ಕುತ್ತೆ, ಬೇಗ ಹೇಳ್ರೀ” ಅಂದಳು. ಬೇಗ ಹೇಳುವ ವಿಷಯ ಅದಾಗಿರಲಿಲ್ಲ.

ಹಣದ ಅಂಕಣದಲ್ಲಿ ಅಲ್ಲಲ್ಲಿ ಅಂಕಿಯೇ ಇಲ್ಲ. ‘ಇರಲಿ’ ಎಂದಿದೆ. ಅಂಕಿಯಲ್ಲದ್ದು ಎದುರಾದರೆ ಎಷ್ಟೆಂದು ಹಿಡಿಯಬೇಕು ಎಂಬುದನ್ನು ಜೆಗೆ ಮೊದಲೇ, ಆ ಡಬಲ್ ಕೋಟಿನ ಎಡಕ್ಕೆ, ಬರೆದಿಡಬೇಕು. ಸೊನ್ನೆ ಬರೆದೆ. ಇರಲಿಗಳೆಲ್ಲ ಆಟಕ್ಕುಂಟು ಲೆಕ್ಕಕ್ಕಿಲ್ಲ ಆದವು. ಮನಸ್ಸು ಒಪ್ಪದೆ ಅನಂತ ಹಾಕಿ ನೋಡಿದೆ. (ಜೆಯಲ್ಲಿ ಅನಂತ ಬಲು ಅಗ್ಗ, ಒಂದು ಅಡಿಗೆರೆ ಎಳೆದರೆ ಆಯಿತು.) ಆ ದಿನದ ಬೆಲ್ಲ, ಸೀಮೆಎಣ್ಣೆ ಎಲ್ಲ ಅನಂತದಲ್ಲಿ ಮುಳುಗಿ ಹೋದವು. 1,25,000ದಂಥ ನಮ್ಮ ಲಕ್ಷದ ಅಲ್ಪವಿರಾಮಗಳನ್ನೂ ಗೊಣಗದೆ ನುಂಗುವ ಭಾಷೆ ಇದು. ‘ಇರಲಿ’ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಸೊನ್ನೆಗೇ ಮರಳಿ, ಬಂದ ಮೊತ್ತಗಳನ್ನು ಅಜ್ಜಯ್ಯನ ಮೊತ್ತಗಳ ಜೊತೆ ತಾಳೆ ನೋಡಿದೆ. ಕೈಬಿಟ್ಟ ಸಾಲಗಳು, ಆಳುಗಳಿಗೆ ಕೊಟ್ಟು ಮರೆತ ಮುಂಗಡಗಳು, ಎಲ್ಲ ಸೊನ್ನೆಗೆ ಸರಿಹೋದವು. ಆಷಾಢದ ಒಂದು ಪುಟದಲ್ಲಿ ಮಾತ್ರ 2400 ಪೈ ವ್ಯತ್ಯಾಸ. ನನ್ನದೇ ತಪ್ಪಿರಬೇಕೆಂದು ಮೂರು ಸಲ ಪುಟ ತಿರುವಿದೆ. ಊಹೂಂ. ಅಜ್ಜಯ್ಯನ ಮೊತ್ತವೇ ಹನ್ನೆರಡೂವರೆ ರೂಪಾಯಿ ಹೆಚ್ಚು. ಆ ಪುಟದಲ್ಲಿದ್ದದ್ದು ಒಂದೇ ಇರಲಿ: ‘ಕೊಪ್ಪದ ತಂಗಿಗೆ — ಇರಲಿ’.

ಕೊಪ್ಪದ ಆ ನಾದಿನಿಗೂ ಅಜ್ಜಿಗೂ ಯಾವುದೋ ಮದುವೆಯ ಸೀರೆಯ ವಿಷಯಕ್ಕೆ ಮಾತು ಬಿಟ್ಟುಹೋಗಿತ್ತು. ಎಷ್ಟು ಕೊಟ್ಟೆ ಎಂದು ಬರೆಯಲು ಅಜ್ಜಯ್ಯನಿಗೆ ಧೈರ್ಯವಿಲ್ಲ. ಕಿರ್ದಿಗೆ ಸುಳ್ಳು ಹೇಳುವ ಜಾಯಮಾನವೂ ಅಲ್ಲ. ದುಡ್ಡನ್ನು ಪದದ ಹಿಂದೆ ಬಚ್ಚಿಟ್ಟು, ಮೊತ್ತದಲ್ಲಿ ಪ್ರಾಮಾಣಿಕವಾಗಿ ಕೂಡಿಬಿಟ್ಟಿದ್ದಾರೆ.

ಕನ್ನಡಕ ಒರೆಸಿಕೊಂಡು ಪುಟದ ಬುಡ ನೋಡಿದೆ. ಮೊತ್ತದ ಪಕ್ಕದಲ್ಲಿ ಪೆನ್ಸಿಲ್ ಗೀಟು ಇತ್ತು. ಉಳಿದ ಪುಟಗಳಲ್ಲಿ ಇದ್ದ ಹಾಗೇ, ಒಂದೇ ಎಳೆತಕ್ಕೆ ಎಳೆದದ್ದು.