ಸಣ್ಣ ಗೇರಿನ ಪರವಾಗಿ

ರೋಡ್ ಸೈಕಲ್ ಕೊಳ್ಳಲು ಬಂದವರು ಅಂಗಡಿಯಲ್ಲಿ ಮೊದಲು ಕೇಳುವುದು, ‘ಇದು ಎಷ್ಟು ಸ್ಪೀಡ್ ಹೋಗುತ್ತೆ?’ ಎಂದು. ನಂದಿಬೆಟ್ಟದ ಕೊನೆಯ ತಿರುವುಗಳಲ್ಲಿ ಇದು ಎಷ್ಟು ನಿಧಾನವಾಗಿ ಹೋಗಬಲ್ಲದು ಎಂದು ಕೇಳಿದವರನ್ನು ನಾನು ಕಂಡಿಲ್ಲ. ನನ್ನ ಮಟ್ಟಿಗೆ ಗೇರು ಆರಿಸುವವರು ಕೇಳಬೇಕಾದ ಪ್ರಶ್ನೆ ಅದೇ. ವೇಗಕ್ಕೆ ಇಳಿಜಾರೇ ಸಾಕು, ಪೆಡಲು ತುಳಿಯದಿದ್ದರೂ ಸೈಕಲ್ಲು ಓಡುತ್ತದೆ. ಏರಿನಲ್ಲಿ ತುಳಿತ ನಿಂತರೆ ಸೈಕಲ್ಲೂ ನಿಂತಿತು.

ಲೆಕ್ಕ ಸುಲಭ. ರೋಡ್ ಸೈಕಲ್ಲಿನ ಚಕ್ರ ಒಂದು ಸುತ್ತಿಗೆ ಸುಮಾರು 2.1 ಮೀಟರ್ ಉರುಳುತ್ತದೆ. ಮುಂದಿನ ಚೈನ್‌ರಿಂಗಿನಲ್ಲಿ 34 ಹಲ್ಲು, ಹಿಂದೆಯೂ 34 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಚಕ್ರದ್ದೂ ಒಂದೇ ಸುತ್ತು. ಹಿಂದೆ 25 ಹಲ್ಲಿದ್ದರೆ ಅದೇ ಒಂದು ಸುತ್ತಿಗೆ 2.86 ಮೀಟರ್. ಗಂಟೆಗೆ 10 ಕಿಲೋಮೀಟರಿನಂತೆ ಬೆಟ್ಟ ಹತ್ತುವಾಗ ಮೊದಲನೆಯದರಲ್ಲಿ ಕಾಲು ನಿಮಿಷಕ್ಕೆ 80 ಸುತ್ತಿನ ಹತ್ತಿರ ತಿರುಗುತ್ತದೆ, ಎರಡನೆಯದರಲ್ಲಿ 60 ಕೂಡ ಮುಟ್ಟುವುದಿಲ್ಲ. ಬೆಟ್ಟ ಕೇಳುವ ಶಕ್ತಿ ಎರಡರಲ್ಲೂ ಒಂದೇ; ಸುತ್ತು ಕಡಿಮೆಯಾದಷ್ಟೂ ಒಂದೊಂದು ತುಳಿತದ ಭಾರ ಮಂಡಿಗೂ ತೊಡೆಗೂ ಹೆಚ್ಚು. ಸುತ್ತು ಹೆಚ್ಚಿದರೆ ಏದುಸಿರು ಬರುತ್ತದೆ, ಬರಲಿ. ಏದುಸಿರು ಸ್ವಲ್ಪ ಹೊತ್ತಿಗೆ ಹದಕ್ಕೆ ಬರುತ್ತದೆ, ಸೋತ ತೊಡೆ ಆ ದಿನಕ್ಕೆ ಮತ್ತೆ ಏಳುವುದಿಲ್ಲ.

ಇಷ್ಟಾದರೂ ಸಣ್ಣ ಗೇರೆಂದರೆ ಕೈಲಾಗದವರದ್ದು ಎಂಬ ಭಾವನೆ ಹೋಗಿಲ್ಲ. ಅದರ ವಯಸ್ಸು ನೂರು ವರ್ಷಕ್ಕೂ ಹೆಚ್ಚು. 1903ರಲ್ಲಿ ಟೂರ್ ಡಿ ಫ್ರಾನ್ಸ್ ಶುರುಮಾಡಿದ ಆನ್ರಿ ದೆಗ್ರಾಂಜ್ ಅವರಿಗೆ ಗೇರೆಂದರೆ ಆಗುತ್ತಿರಲಿಲ್ಲ. ಅವರ ಕಾಲದ ಸವಾರರ ಹಿಂದಿನ ಚಕ್ರಕ್ಕೆ ಎರಡೂ ಬದಿಯಲ್ಲಿ ಬೇರೆ ಬೇರೆ ಸಂಖ್ಯೆಯ ಹಲ್ಲುಗಳಿರುತ್ತಿದ್ದವು. ಬೆಟ್ಟದ ಬುಡದಲ್ಲಿ ಇಳಿದು, ಚಕ್ರ ಬಿಚ್ಚಿ, ತಿರುಗಿಸಿ ಹಾಕಿ, ಮತ್ತೆ ಹತ್ತಬೇಕು. ಅದೇ ಫ್ರಾನ್ಸಿನ ಸೇಂತ್ ಎತಿಯೆನ್ ಊರಿನ ಪಾಲ್ ದ ವಿವಿ ಎಂಬವರು ಹಲವು ಗೇರುಗಳ ಸೈಕಲ್ಲಿಗಾಗಿ ವರ್ಷಗಟ್ಟಲೆ ವಾದಿಸಿದರು, ಬರೆದರು, ತಾವೇ ಓಡಿಸಿ ತೋರಿಸಿದರು. ಟೂರ್‌ನಲ್ಲಿ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ಬಳಸಲು ಸ್ಪರ್ಧಿಗಳಿಗೆ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಅದನ್ನು ನೋಡಲು ವಿವಿ ಇರಲಿಲ್ಲ, 1930ರಲ್ಲೇ ತೀರಿಕೊಂಡಿದ್ದರು. ಆ ಹಿರಿಯರ ಬಗ್ಗೆ ನನಗೆ ತುಂಬು ಗೌರವ.

ದೊಡ್ಡ ಗೇರಿನ ಮೋಹವಿರುವವರಿಗೆ ನಾನು ಹೇಳುವುದು ಸೈಕಲ್ ಪಟು ಎಡ್ಡಿ ಮೆರ್ಕ್ಸ್ ಅವರ ಲೆಕ್ಕ. 1972ರಲ್ಲಿ ಮೆಕ್ಸಿಕೋ ಸಿಟಿಯಲ್ಲಿ ಅವರು ಒಂದೇ ಗಂಟೆಯಲ್ಲಿ 49.431 ಕಿಲೋಮೀಟರ್ ಓಡಿಸಿ ವಿಶ್ವದಾಖಲೆ ಮಾಡಿದರು. ಮುಂದೆ 52 ಹಲ್ಲು, ಹಿಂದೆ 14. ಪೆಡಲಿನ ಒಂದು ಸುತ್ತಿಗೆ 7.9 ಮೀಟರಿನ ಆಸುಪಾಸು. ಅಂದರೆ ಇಡೀ ಗಂಟೆ ಅವರ ಕಾಲು ನಿಮಿಷಕ್ಕೆ ನೂರು ಸುತ್ತಿಗೂ ಮೇಲೆ ತಿರುಗಿದೆ. ಇಂದು ಅಂಗಡಿಯಲ್ಲಿ ಸಿಗುವ ಸಾಧಾರಣ ಸೈಕಲ್ಲಿನ 50ಕ್ಕೆ 11ರ ಗೇರು ಒಂದು ಸುತ್ತಿಗೆ ಒಂಬತ್ತೂವರೆ ಮೀಟರ್! ಅದನ್ನು ತುಂಬಾ ಹೊತ್ತು ಸಮತಟ್ಟಿನಲ್ಲಿ ತುಳಿಯಬಲ್ಲವರು ನಮ್ಮಲ್ಲಿ ಎಷ್ಟು ಜನ? ಹದಿಹರೆಯದ ಸ್ಪರ್ಧಿಗಳ ಗೇರಿಗೆ 2022ರವರೆಗೂ ಅಂತರರಾಷ್ಟ್ರೀಯ ನಿಯಮದಲ್ಲಿ ಮಿತಿಯಿತ್ತು. ಅದೂ ಮೆರ್ಕ್ಸ್ ಅವರ ಗೇರಿನಷ್ಟೇ, ಒಂದು ಸುತ್ತಿಗೆ 7.93 ಮೀಟರ್.

ಹಾಗೆಂದು ಎಲ್ಲರೂ ಹಿಂದೆ 34 ಹಲ್ಲು ಕಟ್ಟಿಕೊಳ್ಳಲಿ ಎನ್ನಲಾರೆ. ಒಳ್ಳೊಳ್ಳೆಯ ಸೈಕಲ್ ಪಟುಗಳನ್ನು ಕೊಟ್ಟ ವಿಜಯಪುರ, ಜಮಖಂಡಿಯ ಕಡೆ ನೆಲ ಬಹುಪಾಲು ಬಯಲು. ಅಲ್ಲಿ ಬೆಟ್ಟದ ಕೆಲಸ ಮಾಡುವುದು ಎದುರುಗಾಳಿ. ಗುಂಪಿನಲ್ಲಿ ಹೋಗುವಾಗ ಗಾಳಿ ಚೂರು ತಗ್ಗಿದರೆ ಗೇರು ಒಂದೇ ಒಂದು ಹಲ್ಲಿನಷ್ಟು ಬದಲಾಗಬೇಕು. ಹನ್ನೊಂದು ಗೇರಿನ 11–34 ಕ್ಯಾಸೆಟ್ಟಿನಲ್ಲಿ (ಹಿಂದಿನ ಹಲ್ಲುಚಕ್ರಗಳ ಗೊಂಚಲಿನಲ್ಲಿ) 17ರಿಂದ ನೇರ 15ಕ್ಕೆ ಜಿಗಿತ. ನಿಮಿಷಕ್ಕೆ 90 ತಿರುಗುತ್ತಿದ್ದ ಕಾಲು ಒಮ್ಮೆಗೇ 80ಕ್ಕಿಂತ ಕೆಳಗಿಳಿಯುತ್ತದೆ, ಲಯ ಮುರಿಯುತ್ತದೆ. 11–25ರಲ್ಲಿ ನಡುವೆ 16 ಇದೆ. ಬಯಲಿನವರಿಗೆ ಆ ಒಂದು ಹಲ್ಲು ಬಂಗಾರ.

ಆದರೆ ಮಸಿನಗುಡಿಯಿಂದ ಊಟಿಗೆ ಕಲ್ಹಟ್ಟಿ ಘಾಟಿಯ 36 ತಿರುವು ಹತ್ತುವ ಆಸೆಯಿದ್ದವರು ಆ ಬಂಗಾರವನ್ನು ಧಾರಾಳವಾಗಿ ಬಿಟ್ಟುಕೊಡಬಹುದು. ಒಂದೇ ಎಚ್ಚರಿಕೆ: ಬರೀ ಕ್ಯಾಸೆಟ್ ತಂದು ಹಾಕಿದರೆ ಆಗದು. ಈಗಿರುವ ಡಿರೇಲರ್ 34 ಹಲ್ಲನ್ನು ತಾಳುತ್ತದೆಯೇ ಎಂದು ಮೆಕ್ಯಾನಿಕ್‌ನನ್ನು ಕೇಳಿ. ಹಳೆಯ ಮೋಟು ತೋಳಿನವು ಬಹಳಷ್ಟು ತಾಳುವುದಿಲ್ಲ. ಚೈನನ್ನೂ ಉದ್ದ ಮಾಡಿಸಬೇಕು. ಮುಂದೆ ದೊಡ್ಡ ರಿಂಗು, ಹಿಂದೆ ದೊಡ್ಡ ಹಲ್ಲು ಒಟ್ಟಿಗೆ ಬಿದ್ದಾಗ ಗಿಡ್ಡ ಚೈನು ಬಿಗಿದು ಡಿರೇಲರನ್ನೇ ಕಿತ್ತೀತು.